ಮುಷ್ಕರದ ದಿನ ಅಡಿಗೆಮನೆ ನಮ್ಮದು

ಗೆಳೆಯರೇ, ಒಂದು ದಿನದ ಮುಷ್ಕರಕ್ಕೂ ತಿಂಗಳ ತಯಾರಿ ಬೇಕು. 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ನಡೆದದ್ದೂ ಒಂದೇ ದಿನದ್ದು. ಬಾಬಾಸಾಹೇಬರು ಅದಕ್ಕೆ ಮೊದಲೇ ಅಸೆಂಬ್ಲಿಯಲ್ಲಿ ಆ ಮಸೂದೆಯನ್ನು ಜಾಲಾಡಿದ್ದರು.

2023ರ ಮಾರ್ಚ್ 1ರಂದು ನಮ್ಮ ರಾಜ್ಯದ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಅದೇ ದಿನ ಮೂಲವೇತನದ ಶೇ. 17 ಮಧ್ಯಂತರ ಪರಿಹಾರ ಬಂತು. ಸಂತೋಷವೇ. ಆದರೆ ಹಾಸ್ಟೆಲಿನ ಹೊರಗುತ್ತಿಗೆ ಅಡಿಗೆಯಕ್ಕನಿಗೆ ಅದರಲ್ಲೇನು ಸಿಕ್ಕಿತು? ಆಕೆ ಒಂದು ದಿನ ಬಾರದಿದ್ದರೆ ಕೂಲಿ ಹೋಗುತ್ತೆ, ಮರುದಿನ ಏಜೆನ್ಸಿಯವನು ಬರಲೇಬೇಡ ಅಂದರೂ ಅಂದಾನು. ಕೈಗೊಂದು ಕರಪತ್ರ ಕೊಟ್ಟು 'ಬಾರಕ್ಕಾ' ಅಂದರೆ ಸಾಲದು. ಆಕೆಯ ಆ ದಿನದ ಕೂಲಿಗೆ ಸಂಘ ಈಗಲೇ ಚಂದಾ ಎತ್ತಲಿ, ಕಾಯಂ ನೌಕರರು ಮೊದಲು ಕೊಡಲಿ. ಆಕೆಯನ್ನು ತೆಗೆದರೆ ತಾವೂ ಕೂತುಬಿಡುತ್ತೇವೆಂದು ಬರೆದುಕೊಡಲಿ.

ನಾವು ಉಪ್ಪಿಟ್ಟಿಲ್ಲ ಅಂತ ವಾರ್ಡನ್ ಹತ್ರ ಓಡಬಾರದು. ಮುದ್ದೆ ಕಟ್ಟಲು ಬಾರದವರು ಈ ವಾರವೇ ಅಕ್ಕನ ಹತ್ರ ಕಲಿತುಕೊಳ್ಳಿ.