ಮೊದಲು ಕೊಂಡವರ ಸಿಟ್ಟು

ಮಕ್ಕಳಿಗೆ ಮಾರಿಯೊ ಗೊತ್ತು. ಅವನ ಯಜಮಾನ, ಜಪಾನಿನ ನಿಂಟೆಂಡೊ ಕಂಪನಿ, ಒಮ್ಮೆ ಪಟ್ಟ ಪಾಡು ಗೊತ್ತಿರಲಾರದು. ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಎಂಬ ಯಂತ್ರವನ್ನು ಅದು 2011ರ ಫೆಬ್ರವರಿಯಲ್ಲಿ 25,000 ಯೆನ್‌ಗೆ ಮಾರಾಟಕ್ಕಿಟ್ಟಿತು. ಕೊಳ್ಳುವವರು ಬರಲಿಲ್ಲ, ಆಡಲು ಒಳ್ಳೆಯ ಆಟಗಳೂ ಇರಲಿಲ್ಲವೆನ್ನಿ. ಆಗಸ್ಟಿನಲ್ಲಿ ಬೆಲೆ 15,000ಕ್ಕೆ ಇಳಿಯಿತು.

ಮೊದಲೇ ಹೆಚ್ಚು ತೆತ್ತವರಿಗೆ ಸಿಟ್ಟು ಬಾರದಿದ್ದೀತೇ? ಅವರಿಗೆ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು. (ಹಳೆಯ ಸರಕೇ, ಖರ್ಚು ದೊಡ್ಡದಲ್ಲ; ಆದರೂ ಅವರನ್ನು ಮರೆಯಲಿಲ್ಲವಲ್ಲ!) ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ನನಗೆ ಹಿಡಿಸಿದ್ದು ಇದೇ. ವರ್ಷದ ಕೊನೆಗೆ ಮಾರಿಯೊನ ಎರಡು ಹೊಸ ಆಟಗಳು ಬಂದವು, ಸರಕು ಖರ್ಚಾಗತೊಡಗಿತು. 2020ರಲ್ಲಿ ತಯಾರಿಕೆ ನಿಲ್ಲಿಸುವ ಹೊತ್ತಿಗೆ 7.5 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು.