ದೊಡ್ಡ ಗಾಡಿಗೇ ಮೊದಲ ದಾರಿ ಎಂದು ಯಾವ ಕಾನೂನು ಹೇಳಿದೆ?

ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದು ಒಂದೇ ಕಾನೂನು. ಟಿಪ್ಪರ್ ಬಂದರೆ ಕಾರು ಸರಿಯಬೇಕು. ಕಾರು ಬಂದರೆ ಬೈಕು ಸರಿಯಬೇಕು. ಬೈಕು ಬಂದರೆ ಸೈಕಲ್ಲು. ನಡೆದು ಹೋಗುವವರು ಚರಂಡಿಗೆ ಇಳಿಯಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ.

ಬರೆದಿಟ್ಟಿರುವ ಕಾನೂನು ಬೇರೆಯೇ ಇದೆ. 2017ರಿಂದ ದೇಶಕ್ಕೆಲ್ಲ ಅನ್ವಯಿಸುವ ಮೋಟಾರು ವಾಹನ ಚಾಲನಾ ನಿಯಮಗಳ ಸಾರ ಇಷ್ಟು:

• ಸಿಗ್ನಲ್ಲಾಗಲಿ ಪೊಲೀಸರಾಗಲಿ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ.
• ಒಳರಸ್ತೆಯಿಂದ ಮುಖ್ಯರಸ್ತೆಗೆ ಬರುವವರು ಮುಖ್ಯರಸ್ತೆಯವರಿಗೆ ದಾರಿ ಬಿಡಬೇಕು.
• ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವವರು ಮೊದಲು.
• ಘಾಟಿ ರಸ್ತೆ ಕಿರಿದಾಗಿದ್ದರೆ ಏರುವ ಗಾಡಿ ಮೊದಲು.
• ಜೀಬ್ರಾ ಪಟ್ಟೆಯಲ್ಲಿ ನಡೆಯುವವರು ಮೊದಲು.

ಇದರಲ್ಲಿ ಎಲ್ಲಾದರೂ 'ದೊಡ್ಡ ಗಾಡಿ' ಎಂಬ ಮಾತು ಇದೆಯೇ? 'ಮೊದಲು ಡಿಪ್ಪರ್ ಹೊಡೆದವನು' ಎಂದಿದೆಯೇ? ಇಲ್ಲ.

ಇದು ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಕೇಳುವುದೇ ಇವನ್ನು. ಕಿರಿದಾದ ಸೇತುವೆಗೆ ಎದುರಿನಿಂದ ಗಾಡಿ ಬರುತ್ತಿದ್ದರೆ ಏನು ಮಾಡುತ್ತೀರಿ? 'ಅದು ದಾಟುವವರೆಗೆ ಕಾಯುತ್ತೇನೆ' ಎಂದು ಗುರುತು ಹಾಕಿ ಲೈಸೆನ್ಸ್ ಪಡೆದವರೇ ನಾವೆಲ್ಲ. ಅದೇ ಸೇತುವೆಯ ಮೇಲೆ ಮೂತಿಗೆ ಮೂತಿ ಕೊಟ್ಟು ನಿಂತು, 'ನೀನು ಹಿಂದೆ ತಗೋ' ಎಂದು ಜಗಳ ಆಡುವವರೂ ನಾವೇ.

ಲಾರಿಯವರ ವಾದ ಒಂದಿದೆ. 'ಲೋಡು ಇದ್ದಾಗ ಬ್ರೇಕ್ ತಕ್ಷಣ ಹಿಡಿಯಲ್ಲ, ಚಿಕ್ಕವರೇ ಸರಿಯಲಿ.' ಬ್ರೇಕ್ ಮಾತು ನಿಜ. ಆದರೆ ಬ್ರೇಕ್ ಹಿಡಿಯಲ್ಲ ಎಂದು ಗೊತ್ತಿದ್ದವನು ಕೂಡುರಸ್ತೆ ಬರುವ ಮೊದಲೇ ವೇಗ ಇಳಿಸಬೇಕಲ್ಲವೇ? ಲೋಡಿನ ಕಷ್ಟವನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡೇ ಇದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಏರುವ ಗಾಡಿಗೆ ಮೊದಲ ದಾರಿ ಕೊಟ್ಟಿರುವುದು ಅದಕ್ಕೇ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರುವ ಭಯವೂ ಇದೆ. ಅಲ್ಲಿ ನೋಡಿದ್ದು ಗಾಡಿಯ ಕಷ್ಟವನ್ನು, ಗಾತ್ರವನ್ನಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಕಬ್ಬಿನ ಟ್ರ್ಯಾಕ್ಟರ್ ಆಗಲಿ, ಮೂವರು ಕೂತ ಬೈಕಾಗಲಿ, ಊರ ರಸ್ತೆಯಿಂದ ಹೆದ್ದಾರಿಗೆ ನೋಡದೆ ನುಗ್ಗುತ್ತವೆ. ಅಲ್ಲಿ ನಿಲ್ಲಬೇಕಾದವರು ನಾವು. 'ನಮ್ಮೂರ ರಸ್ತೆ' ಎಂಬ ಜಂಬ ಅಲ್ಲಿ ನಡೆಯುವುದಿಲ್ಲ. ಹಾಗೆಂದು ಹೆದ್ದಾರಿಯವನಿಗೆ ಗುದ್ದುವ ಹಕ್ಕು ಬಂದಂತಲ್ಲ. ಕೂಡುರಸ್ತೆಯಲ್ಲಿ ನಿಧಾನ ಮಾಡುವ ನಿಯಮ ಅವನಿಗೂ ಇದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಮೂರರಲ್ಲಿ ಎರಡು ಭಾಗ ಸಾವು ಗ್ರಾಮೀಣ ಪ್ರದೇಶದಲ್ಲೇ. ನಡೆದು ಹೋಗುತ್ತಿದ್ದವರೇ 32 ಸಾವಿರಕ್ಕೂ ಹೆಚ್ಚು. ಸರಿದು ನಿಂತವರೂ ಬದುಕಲಿಲ್ಲ.

ಇನ್ನು ಇಲಾಖೆಗಳ ವಿಷಯ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳಿದ್ದು ಹಲವರಿಗೆ ಗೊತ್ತು. ಅದೇ ತಿದ್ದುಪಡಿಯ 198ಎ ಕಲಂ ಎಷ್ಟು ಜನರಿಗೆ ಗೊತ್ತು? ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ನಮಗೆ ಹೆಲ್ಮೆಟ್ ದಂಡ ಹಾಕುವವರು ಈ ಕಲಂ ಬಗ್ಗೆ ಬಾಯಿ ಬಿಡುವುದಿಲ್ಲ. ಬೋರ್ಡೇ ಇಲ್ಲದ ಕ್ರಾಸ್‌ನಲ್ಲಿ, ಜಾಲಿ ಬೆಳೆದು ಎದುರು ಏನೂ ಕಾಣದ ತಿರುವಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಎಂದು ತಿಳಿಯುವುದು ಹೇಗೆ?

ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮೂರ ರಸ್ತೆ ಹೆದ್ದಾರಿಗೆ ಸೇರುವ ಜಾಗದಲ್ಲಿ 'ನಿಲ್ಲಿ' ಬೋರ್ಡು, ಊರ ಕಡೆ ಒಂದು ಹಂಪು, ಬಸ್ ಸ್ಟಾಪಿನ ಹತ್ತಿರ ಜೀಬ್ರಾ ಪಟ್ಟೆ ಬೇಕು, ಜಾಲಿ ಕಡಿಸಬೇಕು ಎಂದು ಠರಾವು ಮಾಡಿಸಿ. ಪ್ರತಿಯನ್ನು ರಸ್ತೆ ಯಾರದೋ ಆ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಅಲ್ಲಿ ಏನಾದರೂ ಆದರೆ 'ನಮಗೆ ತಿಳಿಸಿರಲಿಲ್ಲ' ಎಂದು ಯಾರೂ ಹೇಳಬಾರದು.