ಠಾಣೆಯೊಳಗೆ ಕೂತ ಗೌಡಕಿ

ಪೊಲೀಸರಿಗೆ ವಿವೇಚನೆ ಬೇಕು, ಬಂದ ದೂರನ್ನೆಲ್ಲ ಎಫ್‌ಐಆರ್ ಮಾಡುತ್ತ ಹೋದರೆ ಠಾಣೆ ನಡೆಯುವುದಿಲ್ಲ ಎಂಬ ಮಾತು ಮತ್ತೆ ಜೋರಾಗಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮು ಈ ವಾದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್ಪಿ ಒಪ್ಪಿಗೆ ಪಡೆದು 14 ದಿನ ‘ಪ್ರಾಥಮಿಕ ವಿಚಾರಣೆ’ ನಡೆಸಬಹುದು. ಇದನ್ನು ಮೆಚ್ಚಿ ಮಾತಾಡುವವರು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಯಾವುದಾದರೂ ಠಾಣೆಯ ಮುಂದಿನ ಬೆಂಚಿನ ಮೇಲೆ ಒಂದು ದಿನ ಕೂತು ಬರಬೇಕು. ವಿವೇಚನೆಗೆ ಅಲ್ಲಿ ಯಾವತ್ತೂ ಬರ ಬಂದಿಲ್ಲ. ನೂರೈವತ್ತು ವರ್ಷದಿಂದ ಅದರದೇ ದರ್ಬಾರು.

ಬೆಳಿಗ್ಗೆ ದೂರು ಹಿಡಿದು ಬಂದ ಹೆಣ್ಣುಮಗಳಿಗೆ ಮೊದಲು ಸಿಗುವ ಉತ್ತರ, “ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ಸಂಜೀಕ ಬಾ.” ಸಂಜೆ ಬಂದರೆ ಊರಿನ ನಾಲ್ಕು ಮಂದಿ ಹಿರಿಯರು ಆಗಲೇ ಒಳಗೆ ಚಹಾ ಕುಡಿಯುತ್ತ ಕೂತಿರುತ್ತಾರೆ. ದೂರಿನ ಹಾಳೆ ‘ಅರ್ಜಿ’ ಎಂಬ ಹೆಸರಿನಲ್ಲಿ ಫೈಲು ಸೇರುತ್ತದೆ, ಇಲ್ಲವೇ ಅಸಂಜ್ಞೇಯ ಅಪರಾಧವೆಂಬ ಎನ್‌ಸಿಆರ್ ಚೀಟಿಯೊಂದು ಕೈಗೆ ಬರುತ್ತದೆ. ಎಫ್‌ಐಆರ್ ಆಗಲೇಬೇಕೆಂದು ಹಟ ಹಿಡಿದರೆ ಎದುರಿನವರಿಂದ ಒಂದು ಕೌಂಟರ್ ಕೇಸು. ಅದರ ಬೆನ್ನಿಗೇ ಬುದ್ಧಿಮಾತು: “ನಾಳೆ ಅದೇ ಊರಾಗ ಬಾಳ್ವೆ ಮಾಡೋರು ನೀವು, ರಾಜಿ ಆಗ್ರಿ.” ದೂರುದಾರಳಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಆಕೆ ಮಾತ್ರ ಬಸ್ ಚಾರ್ಜು, ಆ ದಿನದ ಕೂಲಿ ಎರಡನ್ನೂ ಕಳಕೊಂಡು ಬರಿಗೈಯಲ್ಲಿ ಊರಿಗೆ ಮರಳುತ್ತಾಳೆ.

ಈ ರಾಜಿ ಕಟ್ಟೆ ನಿನ್ನೆ ಮೊನ್ನೆಯದಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದ ಬ್ರಿಟಿಷರು 1860ರ ಒಪ್ಪಂದದಲ್ಲಿ ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದರು. ಅದೇ ದಶಕದಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಜಿಲ್ಲಾ ಆಡಳಿತವನ್ನೂ ಜಿಲ್ಲಾ ಪೊಲೀಸನ್ನೂ ಹೊಸದಾಗಿ ಕಟ್ಟಿದ. ಆದರೆ ಪೊಲೀಸ್ ಅಮೀನನ ಠಾಣೆ ದೂರದಲ್ಲಿತ್ತು. ಹಳ್ಳಿಯೊಳಗೆ ಸರಕಾರವೆಂದರೆ ಇಬ್ಬರೇ: ಕಂದಾಯ ಎತ್ತುವ ಮಾಲಿ ಪಾಟೀಲ, ಬಂದೋಬಸ್ತು ನೋಡುವ ಪೊಲೀಸ್ ಪಾಟೀಲ. ಇಬ್ಬರದೂ ವಂಶಪಾರಂಪರ್ಯದ ಹುದ್ದೆ, ಕೈಕೆಳಗೆ ತಳವಾರ, ವಾಲೀಕಾರ. ಕಳವು, ಹೊಡೆದಾಟ, ಬಾವಿಯಲ್ಲಿ ತೇಲಿದ ಹೆಣ, ಇವುಗಳಲ್ಲಿ ಯಾವುದು ಠಾಣೆಗೆ ಮುಟ್ಟಬೇಕು, ಯಾವುದು ಚಾವಡಿಯಲ್ಲೇ ಮುಗಿಯಬೇಕು ಎಂಬುದು ಪೊಲೀಸ್ ಪಾಟೀಲನ ಮರ್ಜಿಗೆ ಬಿಟ್ಟದ್ದು. ಜೀತದಾಳು ದೂರು ಹೇಳಬೇಕಾದದ್ದು ಬಹಳ ಸಲ ತನ್ನ ಒಡೆಯನ ಮನೆತನದ ಮುಂದೆಯೇ.

ಬ್ರಿಟಿಷ್ ಆಳ್ವಿಕೆಯ ಸೀಮೆಯಲ್ಲಿ ಇದಕ್ಕಿಂತ ಚೆಂದವೇನೂ ಇರಲಿಲ್ಲ. 1861ರ ಪೊಲೀಸ್ ಕಾಯ್ದೆ ಬಂದು ನಾಲ್ಕು ದಶಕವಾದ ಮೇಲೆ, 1902-03ರ ಫ್ರೇಸರ್ ಆಯೋಗ ಪೊಲೀಸರು ಭ್ರಷ್ಟರೂ ಪೀಡಕರೂ ಆಗಿದ್ದಾರೆಂದು ಸರಕಾರಕ್ಕೇ ವರದಿ ಕೊಟ್ಟಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯಂತೂ ಹುಟ್ಟನ್ನೇ ಅಪರಾಧ ಮಾಡಿತು. ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕಳವಾದ ಕೂಡಲೇ ಅಲೆಮಾರಿಗಳ ಗುಡಿಸಲಿಗೆ ಲಾಠಿ ಹಿಡಿದು ಹೋಗುವ ಚಟ ಮಾತ್ರ ರದ್ದಾಗಲಿಲ್ಲ.

ಗ್ರಾಮ ಹುದ್ದೆಗಳನ್ನು ಕರ್ನಾಟಕ 1961ರ ಕಾಯ್ದೆಯಿಂದ ತೆಗೆದುಹಾಕಿತು. 1963ರ ಫೆಬ್ರುವರಿಯಿಂದ ಪೊಲೀಸ್ ಪಾಟೀಲಕಿ ಇಲ್ಲ. ಆ ಅಡ್ಡಹೆಸರಿನ ಮನೆತನಗಳು ಈ ಭಾಗದಲ್ಲಿ ಇಂದಿಗೂ ಇವೆ, ಅವರ ಮೇಲೆ ತಕರಾರಿಲ್ಲ. ತಕರಾರಿರುವುದು ಚಾವಡಿಯಿಂದ ಎದ್ದು ಬಂದು ಠಾಣೆಯ ಕುರ್ಚಿಯಲ್ಲಿ ಕೂತ ಗೌಡಕಿಯ ಮೇಲೆ.

ವಿವೇಚನೆಯ ವಕೀಲರು ಎಂದೂ ಬಾಯಿ ಬಿಡದ ಸಂಗತಿಯೊಂದಿದೆ. ಕಾನೂನು ಎರಡು ಬಾಗಿಲುಗಳ ಬಗ್ಗೆ ಎರಡು ಬೇರೆ ಮಾತು ಹೇಳಿದೆ. ದೂರು ದಾಖಲಿಸುವಲ್ಲಿ ಪೊಲೀಸರಿಗೆ ಆಯ್ಕೆಯಿಲ್ಲ: ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಬಂಧಿಸುವಲ್ಲಿ ಮಾತ್ರ ತಲೆ ಓಡಿಸಿ, ಅವಸರ ಬೇಡ ಎಂದು ಅದೇ ಕೋರ್ಟು 1994ರ ಜೋಗಿಂದರ್ ಕುಮಾರ್, 2014ರ ಅರ್ನೇಶ್ ಕುಮಾರ್ ತೀರ್ಪುಗಳಲ್ಲಿ ತಿಳಿಹೇಳಿತು. ಠಾಣೆಗಳು ಎರಡನ್ನೂ ತಿರುವುಮುರುವು ಮಾಡಿಕೊಂಡಿವೆ. ಬರೆದುಕೊಳ್ಳಲೇಬೇಕಾದಲ್ಲಿ ವಿಚಾರ ಮಾಡುತ್ತ ಕೂರುತ್ತಾರೆ, ವಿಚಾರ ಮಾಡಲೇಬೇಕಾದಲ್ಲಿ ಎಳೆದೊಯ್ದು ಕೂಡಿಹಾಕುತ್ತಾರೆ. ರಾಷ್ಟ್ರೀಯ ಪೊಲೀಸ್ ಆಯೋಗ 1980ರ ತನ್ನ ಮೂರನೇ ವರದಿಯಲ್ಲಿ ಕೊಟ್ಟ ಲೆಕ್ಕ ನೂರಕ್ಕೆ ಸುಮಾರು 60. ಅಷ್ಟು ಬಂಧನಗಳು ಅನಗತ್ಯವೋ ಅಸಮರ್ಥನೀಯವೋ ಆಗಿದ್ದವು. ನೂರಕ್ಕೆ 60! ಇದೇ ವಿವೇಚನೆಗೆ ಇನ್ನೂ 14 ದಿನ ಕೊಡಿ ಎಂದು ಕೇಳುತ್ತಿದ್ದಾರೆ.

ಬಡವನ ದೂರಿನ ಕಥೆ ಬಿಡಿ, ಪೊಲೀಸ್ ಅಧಿಕಾರಿಯ ಮನೆಯವರ ದೂರೇ ಎಷ್ಟು ಸುಲಭಕ್ಕೆ ದಾಖಲಾಯಿತು? 2024ರ ಆಗಸ್ಟ್ 2ರಂದು ಯಾದಗಿರಿಯಲ್ಲಿ ಪಿಎಸ್‌ಐ ಪರಶುರಾಮ್ ತೀರಿಕೊಂಡರು. ವಯಸ್ಸು 34, ದಲಿತ ಕುಟುಂಬದಿಂದ ಬಂದವರು. ನಗರ ಠಾಣೆಗೆ ಬಂದು ವರ್ಷ ತುಂಬುವ ಮೊದಲೇ ಅವರನ್ನು ಎತ್ತಂಗಡಿ ಮಾಡಲಾಗಿತ್ತು. ಹುದ್ದೆಗಾಗಿ ಸ್ಥಳೀಯ ಶಾಸಕರು ಮತ್ತು ಅವರ ಮಗ 30 ಲಕ್ಷ ರೂಪಾಯಿ ಕೇಳಿದ್ದರು ಎಂಬುದು ಪತ್ನಿಯ ಆರೋಪ. ಅದರ ಸತ್ಯಾಸತ್ಯ ತೀರ್ಮಾನವಾಗಬೇಕಾದದ್ದು ತನಿಖೆಯಲ್ಲಿ, ಕೋರ್ಟಿನಲ್ಲಿ. ಆ ತನಿಖೆಯ ಮೊದಲ ಹಾಳೆಗೇ ಗರ್ಭಿಣಿ ಹೆಂಡತಿ, ಬಂಧುಗಳು, ದಲಿತ ಸಂಘಟನೆಗಳು ಮರುದಿನದವರೆಗೂ ಬೀದಿಯಲ್ಲಿ ಕೂರಬೇಕಾಯಿತು. ಆಮೇಲೆ ಎಫ್‌ಐಆರ್, ಆಮೇಲೆ ಸಿಐಡಿ. ಖಾಕಿ ತೊಟ್ಟವನ ಹೆಂಡತಿಗೇ ಈ ಗತಿಯಾದರೆ ಹತ್ತಿ ಬಿಡಿಸುವ ಕೂಲಿಯವಳಿಗೆ ಯಾವ ಬಾಗಿಲು ತೆರೆಯುತ್ತದೆ?

ವಿವೇಚನೆ ಎಂಬುದು ಪಿಎಸ್‌ಐ ತಲೆಯಲ್ಲಿ ಹುಟ್ಟುತ್ತದೆಂದು ನಂಬಿದವರಿಗೆ ಆ ಸಾವೇ ಉತ್ತರ. ಕುರ್ಚಿ ಸಿಗುವುದು ಶಾಸಕರ ಲೆಟರಿನಿಂದ ಎಂಬುದು ಯಾದಗಿರಿಯ ಗಾಂಧಿ ಚೌಕಿನಲ್ಲಿ ನಿಂತ ಯಾರನ್ನು ಕೇಳಿದರೂ ತಿಳಿಯುತ್ತದೆ. ಹಾಗೆ ಕೂತವನು ಯಾರ ದೂರು ಬರೆದುಕೊಳ್ಳಬೇಕು ಎಂಬುದು ಅವನು ಬರುವ ಮೊದಲೇ ತೀರ್ಮಾನವಾಗಿರುತ್ತದೆ. ವರ್ಗಾವಣೆಗೆ ಕಡಿವಾಣ ಹಾಕಿ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಆದೇಶಿಸಿತು. ಒಂದು ಹುದ್ದೆಯಲ್ಲಿ ಕನಿಷ್ಠ ಅವಧಿ ಒಂದರಿಂದ ಎರಡು ವರ್ಷಕ್ಕೆ ಏರಿಸುವ ಮಸೂದೆಗೆ ಕರ್ನಾಟಕದ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2024ರ ಜುಲೈನಲ್ಲಿ. ಕೆಲವೇ ದಿನಗಳಲ್ಲಿ ಪರಶುರಾಮ್ ಸತ್ತರು.

ಹಾಗೆ ಕುರ್ಚಿ ಹಿಡಿದವರ ಕಣ್ಣಿಗೆ ಯಾವುದು ಬೀಳುವುದಿಲ್ಲ ಎಂಬುದನ್ನೂ ನೋಡಿ. ಶಹಾಪುರದ ತಾಲ್ಲೂಕು ಕೃಷಿ ಉತ್ಪನ್ನ ಮಾರಾಟ ಸಹಕಾರ ಸಂಘದ (ಟಿಎಪಿಸಿಎಂಎಸ್) ಗೋದಾಮಿನಿಂದ ಪಡಿತರದ ಆರು ಸಾವಿರ ಕ್ವಿಂಟಲ್‌ಗೂ ಹೆಚ್ಚು ಅಕ್ಕಿ ಮಾಯವಾದ ಪ್ರಕರಣ ಬಯಲಿಗೆ ಬಂದದ್ದು 2023ರ ನವೆಂಬರಿನಲ್ಲಿ. ಬೆಲೆ ಎರಡು ಕೋಟಿ ರೂಪಾಯಿ ದಾಟಿತ್ತು. ಆರುನೂರು ಟನ್ ಅಕ್ಕಿ ಲಾರಿ ಹತ್ತದೆ ಹೋಗುವುದಿಲ್ಲ, ಲಾರಿ ನಾಕಾ ದಾಟದೆ ಹೋಗುವುದಿಲ್ಲ. ಅದೇ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದ ಬೈಕು ಹತ್ತು ಗಜ ದೂರದಿಂದಲೇ ಪೊಲೀಸರ ಕಣ್ಣಿಗೆ ಬೀಳುತ್ತದೆ. ಕೃಷ್ಣಾ, ಭೀಮಾ ದಂಡೆಯ ಮರಳಿನ ಟಿಪ್ಪರುಗಳ ಕಥೆಯೂ ಇದೇ. ಹೀಗೆ ಕಣ್ಣು ಮುಚ್ಚಿದ್ದರ ಬೆಲೆ ತೆರುವವರು ಪೊಲೀಸರೂ ಹೌದು: 2023ರ ಜೂನಿನಲ್ಲಿ ಪಕ್ಕದ ಜೇವರ್ಗಿ ತಾಲ್ಲೂಕಿನಲ್ಲಿ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಮರಳಿನ ಟ್ರ್ಯಾಕ್ಟರ್ ಹರಿಸಿ ಕೊಂದರು.

ಠಾಣೆಯಲ್ಲಿ ದೂರು ಕೊಟ್ಟರೂ ಕಥೆ ಮುಗಿಯುವುದಿಲ್ಲ. ಹುಣಸಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2024ರಲ್ಲಿ ದಲಿತ ಬಾಲಕಿಯ ಹೆತ್ತವರು ಪೋಕ್ಸೊ ದೂರು ಕೊಟ್ಟ ಮೇಲೆ ಕೇರಿಗೇ ಬಹಿಷ್ಕಾರ ಬಿತ್ತು. ಅಂಗಡಿಯಲ್ಲಿ ಕಿರಾಣಿ ಇಲ್ಲ, ಶಾಲೆಗೆ ಹೋಗುವ ಮಕ್ಕಳಿಗೆ ಪೆನ್ನು, ನೋಟ್‌ಬುಕ್ ಕೂಡ ಇಲ್ಲ. ರಾಜಿ ಮಾಡಿಕೊಳ್ಳದೆ ಠಾಣೆಗೆ ಹೋದದ್ದೇ ಆ ಹೆತ್ತವರು ಮಾಡಿದ ತಪ್ಪು. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಆದರೆ ಇಂಥ ಊರುಗಳಿಗೆ ಆಡಳಿತ ಮೊದಲು ಹೊತ್ತು ಬರುವುದು ಶಾಂತಿ ಸಭೆಯ ಜಮಖಾನೆ. ಅನ್ನ ನೀರು ನಿಲ್ಲಿಸಿದವರನ್ನೂ ಹಸಿದವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಇಬ್ಬರಿಗೂ ಹೊಂದಿಕೊಳ್ಳಿ ಎನ್ನುವುದು ಕಾನೂನು ಸುವ್ಯವಸ್ಥೆ ಹೇಗಾದೀತು?

ಪ್ರಾಥಮಿಕ ವಿಚಾರಣೆಯ ಆಟವನ್ನು ದಲಿತರು ಮೊದಲೇ ಕಂಡಿದ್ದಾರೆ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ಪ್ರಕರಣಗಳಿಗೆ ಅದನ್ನು ತಂದಾಗ ದೇಶವೇ ಬೀದಿಗಿಳಿಯಿತು. ಅದೇ ಆಗಸ್ಟಿನಲ್ಲಿ ಸಂಸತ್ತು ದೌರ್ಜನ್ಯ ತಡೆ ಕಾಯ್ದೆಗೆ 18ಎ ಕಲಮು ಸೇರಿಸಿ, ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದಿತು. ಐದು ವರ್ಷದ ಮೇಲೆ ಅದೇ ಸಂಸತ್ತು ಉಳಿದ ಬಡವರ ದೂರುಗಳಿಗೆ ಅದನ್ನೇ ತಂದು ಕೂರಿಸಿತು. ಯಾದಗಿರಿ ಜಿಲ್ಲೆಯಲ್ಲಿ 14 ದಿನವೆಂದರೆ ಏನು? ಹೊಲದ ಕೆಲಸ ಮುಗಿದ ಮೇಲೆ ಸಾಲುಸಾಲು ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಮುಂಗಡ ಹಣ ಪಡೆದವನು ಮೇಸ್ತ್ರಿ ಕರೆದ ದಿನ ಬಸ್ ಹತ್ತಲೇಬೇಕು. ವಿಚಾರಣೆ ಮುಗಿಯುವ ಹೊತ್ತಿಗೆ ದೂರುದಾರ ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿರುತ್ತಾನೆ. ಊರಲ್ಲಿ ಉಳಿದ ಸಾಕ್ಷಿಗಳು ಅಷ್ಟರಲ್ಲಿ ಗೌಡರ ಮನೆಯ ಮಾತು ಕೇಳಿರುತ್ತಾರೆ. ದೂರುದಾರ ಹಾಜರಾಗಲಿಲ್ಲ ಎಂಬ ಒಂದು ಸಾಲಿನಲ್ಲಿ ಅರ್ಜಿ ಮುಕ್ತಾಯ.

ಬೆಂಗಳೂರಿನಲ್ಲಿ ಕೂತ ಸರಕಾರಕ್ಕೆ ಈ ಜಿಲ್ಲೆ ಕಾಣುವುದೇ ಶಿಕ್ಷೆಯ ಜಾಗವಾಗಿ. ಅಧಿಕಾರಿಯನ್ನು ದಂಡಿಸಬೇಕಾದರೆ ಯಾದಗಿರಿಗೆ ಹಾಕುತ್ತಾರೆ, ಬಂದವನು ಬಂದ ದಿನದಿಂದಲೇ ವಾಪಸಾಗುವ ದಾರಿ ಹುಡುಕುತ್ತಾನೆ. 2009ರ ಡಿಸೆಂಬರಿನಲ್ಲಿ ಜಿಲ್ಲೆ ಕೊಟ್ಟರು, ವಿಶೇಷ ಸ್ಥಾನಮಾನದ 371(ಜೆ) ವಿಧಿ ಕೊಟ್ಟರು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಎಂದು ಹೆಸರನ್ನೂ ಕೊಟ್ಟರು. ಠಾಣೆಯಲ್ಲಿ ಒಂದು ದೂರು ಬರೆದುಕೊಳ್ಳುವ ವ್ಯವಸ್ಥೆ ಕೊಡಲಿಲ್ಲ.

ಸುಳ್ಳು ಕೇಸುಗಳ ಹೆದರಿಕೆ ತೋರಿಸುವವರಿಗೆ ಉತ್ತರ ಕಾನೂನಿನಲ್ಲೇ ಇದೆ. ದೂರು ಸುಳ್ಳಾದರೆ ತನಿಖೆ ಮಾಡಿ ಬಿ ರಿಪೋರ್ಟ್ ಹಾಕಲಿ, ಸುಳ್ಳು ಹೇಳಿದವನ ಮೇಲೆ ಕೇಸು ಹೂಡಲಿ. ಎಫ್‌ಐಆರ್ ಆದ ಮಾತ್ರಕ್ಕೆ ಯಾರನ್ನೂ ಬಂಧಿಸಬೇಕಾಗಿಲ್ಲ. ಇಷ್ಟು ಸರಳ ಸಂಗತಿ ಗೊತ್ತಿದ್ದೂ ಬಾಗಿಲಲ್ಲೇ ತಡೆಯುವುದೇಕೆ? ಎಫ್‌ಐಆರ್ ಆದರೆ ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ, ತಿದ್ದಲಾಗದ ತಾರೀಖು ಬೀಳುತ್ತದೆ, ರಾಜಿಯ ದರ ಇಳಿಯುತ್ತದೆ.

ಪರಿಶಿಷ್ಟರ ದೂರು ದಾಖಲಿಸದ, ಪರಿಶಿಷ್ಟನಲ್ಲದ ಅಧಿಕಾರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸವಿದೆ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧದ ದೂರು ಬರೆದುಕೊಳ್ಳದವನಿಗೆ 2013ರಿಂದಲೂ ಎರಡು ವರ್ಷದವರೆಗೆ ಜೈಲು. ಈ ಎರಡು ಕಲಮುಗಳಡಿ ಯಾದಗಿರಿ ಜಿಲ್ಲೆಯಲ್ಲಿ ಈವರೆಗೆ ಯಾವ ಅಧಿಕಾರಿಯ ಮೇಲೆ ಕೇಸಾಗಿದೆ, ಯಾರಿಗೆ ಶಿಕ್ಷೆಯಾಗಿದೆ ಎಂಬ ಪಟ್ಟಿಯನ್ನು ಗೃಹ ಸಚಿವರು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಲಿ. ಅದರ ಜೊತೆಗೆ ಯಾದಗಿರಿ, ಶಹಾಪುರ, ಸುರಪುರ ಠಾಣೆಗಳಿಗೆ ಕಳೆದ ಐದು ವರ್ಷದಲ್ಲಿ ಬಂದ ಅರ್ಜಿಗಳೆಷ್ಟು, ಎಫ್‌ಐಆರ್ ಆದವೆಷ್ಟು, ರಾಜಿ ಎಂದು ಬರೆದು ಮುಚ್ಚಿದವೆಷ್ಟು ಎಂಬ ಲೆಕ್ಕವನ್ನೂ ತಿಂಗಳುವಾರು ಕೊಡಲಿ. ಆ ಎರಡು ಹಾಳೆ ಕೈಗೆ ಬರುವವರೆಗೂ ಈ ಜಿಲ್ಲೆಯ ಯಾವ ಠಾಣೆಗೂ 14 ದಿನದ ಅಧಿಕಾರ ಕೊಡಬಾರದು.